ಚಹರೆ ಗುರುತು

ದಿನಪತ್ರಿಕೆಯ ಒಳಪುಟದಲ್ಲಿ, ಟೆಂಡರು ಪ್ರಕಟಣೆಗೂ ಹೆಸರು ಬದಲಾವಣೆಯ ಜಾಹೀರಾತಿಗೂ ನಡುವೆ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಒಂದು ಸುದ್ದಿ ಇರುತ್ತದೆ. ನೀವೂ ನೋಡಿರುತ್ತೀರಿ. ‘ಅಪರಿಚಿತ ಮಹಿಳೆಯ ಶವ ಪತ್ತೆ. ವಯಸ್ಸು ಸುಮಾರು 30, ಎತ್ತರ 5 ಅಡಿ, ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಹಸಿರು ಸೀರೆ, ಕೆಂಪು ರವಿಕೆ ಧರಿಸಿರುತ್ತಾರೆ. ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸುವುದು.’ ಇಷ್ಟೇ. ಈ ಚಹರೆಯ ಹೆಂಗಸರು ನಮ್ಮ ಬೀದಿಯೊಂದರಲ್ಲೇ ಹತ್ತು ಜನ ಸಿಕ್ಕಾರು. ಓದಿ ಪುಟ ತಿರುಗಿಸುತ್ತೇವೆ.

ಇಂಥ ಚಹರೆ ಪಟ್ಟಿ ಬರೆಯುವವರು ಸಾಮಾನ್ಯವಾಗಿ ಗಂಡಸರು. ಹಸಿರು ಸೀರೆ ಎಂದು ಬರೆದರೆ ಅವರ ಕೆಲಸ ಮುಗಿಯಿತು. ಅದು ಗಿಳಿಹಸಿರೋ ಎಲೆಹಸಿರೋ, ಫಾಲ್ ಹಚ್ಚಿದ್ದು ಕೈಹೊಲಿಗೆಯೋ ಮಿಷನ್ನಿನದೋ, ರವಿಕೆ ಬಿಗಿಯಾಯಿತೆಂದು ಕಂಕುಳಲ್ಲಿ ಬಿಚ್ಚಿ ಬೇರೆ ಬಟ್ಟೆಯ ತುಂಡು ಸೇರಿಸಿದೆಯೋ, ಕಿವಿಯ ತೂತು ಬರಿದಾಗಿದೆಯೋ ಕಡ್ಡಿ ಇದೆಯೋ, ಇದನ್ನೆಲ್ಲ ನೋಡುವ ಕಣ್ಣು ಬೇರೆ. ಹೆಂಗಸರ ಕೊರೆತ ಎಂದು ನಗುವವರಿಗೆ ನಾನು 1935ನೆಯ ಇಸವಿಯ ಒಂದು ಮೊಕದ್ದಮೆಯನ್ನು ಹೇಳುವುದುಂಟು. ಅದರಲ್ಲಿ ಒಂದು ರವಿಕೆಯ ಕಂಕುಳಿನ ತೇಪೆ ಸಾಕ್ಷಿ ಹೇಳಿತು.

ಆ ಮೊಕದ್ದಮೆಯಲ್ಲಿ ನಮ್ಮ ದೇಶದವನೊಬ್ಬನಿದ್ದಾನೆ, ಹೆಮ್ಮೆಪಡುವ ರೀತಿಯಲ್ಲಲ್ಲ. ಮುಂಬಯಿಯಲ್ಲಿ ಹುಟ್ಟಿ, ಅಲ್ಲಿಯೇ ವೈದ್ಯಕೀಯ ಓದಿದ ಪಾರ್ಸಿ ಡಾಕ್ಟರು. ಇಂಗ್ಲೆಂಡಿಗೆ ಹೋಗಿ ಬಕ್ ರಕ್ಸ್‌ಟನ್ ಎಂದು ಹೆಸರು ಬದಲಾಯಿಸಿಕೊಂಡು, 1930ರಿಂದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ ಪ್ರಾಕ್ಟೀಸು ನಡೆಸಿದ್ದ. ಬಡ ರೋಗಿಗಳಿಗೆ ಬೇಕಾದವನು. ಇಸಬೆಲ್ಲಾ ಎಂಬಾಕೆಯ ಜೊತೆ ಸಂಸಾರ, ಮೂರು ಮಕ್ಕಳು. ಮಕ್ಕಳನ್ನು ನೋಡಿಕೊಳ್ಳಲು ಹತ್ತಿರದ ಮೋರ್‌ಕಾಂಬ್‌ನಿಂದ ಬಂದ ಇಪ್ಪತ್ತರ ಹುಡುಗಿ ಮೇರಿ ರೋಜರ್ಸನ್. ಹೊರಗೆ ದೊಡ್ಡ ಡಾಕ್ಟರು, ಮನೆಯೊಳಗೆ ಹೆಂಡತಿಯ ಮೇಲೆ ದಿನಾ ಸಂಶಯ. 1935ರ ಸೆಪ್ಟೆಂಬರ್ 14ರ ರಾತ್ರಿ ಇಸಬೆಲ್ಲಾ ಅಕ್ಕತಂಗಿಯರೊಡನೆ ದೀಪಾಲಂಕಾರ ನೋಡಿಕೊಂಡು ತಡವಾಗಿ ಮನೆಗೆ ಹೊರಟಳು. ಆಮೇಲೆ ಅವಳನ್ನೂ ಮೇರಿಯನ್ನೂ ಜೀವಸಹಿತ ಯಾರೂ ಕಾಣಲಿಲ್ಲ.

ಸೆಪ್ಟೆಂಬರ್ 29ರಂದು ಅಲ್ಲಿಂದ ನೂರು ಮೈಲಿ ಆಚೆ, ಸ್ಕಾಟ್ಲೆಂಡಿನ ಮೊಫಟ್ ಎಂಬ ಊರ ಹತ್ತಿರ, ಸೇತುವೆಯ ಮೇಲಿಂದ ಹಳ್ಳಕ್ಕೆ ಇಣುಕಿದ ಹೆಣ್ಣುಮಗಳೊಬ್ಬಳಿಗೆ ಒಂದು ಗಂಟು ಕಂಡಿತು. ಆ ಹಳ್ಳದಿಂದ ಪೊಲೀಸರು ಎತ್ತಿದ್ದು ಎಪ್ಪತ್ತರಷ್ಟು ತುಂಡುಗಳು. ಹೆಚ್ಚು ವಿವರಿಸುವುದಿಲ್ಲ. ಕೊಂದವನು ಡಾಕ್ಟರಾದ್ದರಿಂದ ಗುರುತು ಹಿಡಿಯುವುದು ಹೇಗೆಂದು ತಿಳಿದಿದ್ದ; ಗುರುತು ಎಲ್ಲೆಲ್ಲಿ ಉಳಿಯುತ್ತದೋ ಅಲ್ಲಲ್ಲಿ ಅಳಿಸಿದ್ದ. ಮೇರಿಗೆ ಒಂದು ಕಣ್ಣು ಸ್ವಲ್ಪ ಮಾಲುಗಣ್ಣಾಗಿತ್ತು, ಕಣ್ಣುಗಳನ್ನೇ ಉಳಿಸಿರಲಿಲ್ಲ. ಅವನ ಕೈಚಳಕ ಎಷ್ಟು ಫಲಿಸಿತ್ತೆಂದರೆ, ಮೊದಲು ಪೊಲೀಸರು ಇದು ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಎಂದೇ ತಿಳಿದರು.

ಆದರೆ ಸುತ್ತಲು ಬಳಸಿದ ಬಟ್ಟೆಬರೆ, ಕಾಗದದ ಬಗ್ಗೆ ಅವನು ಯೋಚಿಸಲಿಲ್ಲ. ಕಾಗದ ‘ಸಂಡೇ ಗ್ರಾಫಿಕ್’ ಪತ್ರಿಕೆಯ ಸೆಪ್ಟೆಂಬರ್ 15ರ ಸಂಚಿಕೆಯದು. ಮೋರ್‌ಕಾಂಬ್‌ನ ಉತ್ಸವದ ಚಿತ್ರಗಳಿದ್ದ ಆ ವಿಶೇಷ ಮುದ್ರಣ ಮೋರ್‌ಕಾಂಬ್, ಲ್ಯಾಂಕಾಸ್ಟರ್ ಸುತ್ತಮುತ್ತ ಮಾತ್ರ ಹಂಚಿಕೆಯಾಗಿತ್ತು. ಊರು ಗೊತ್ತಾಯಿತು. ಇನ್ನು ಬಟ್ಟೆ. ಒಂದು ರವಿಕೆಯನ್ನು ಮೇರಿಯ ಮಲತಾಯಿಗೆ ತೋರಿಸಿದರು. ಆಕೆ ಅದರ ಕಂಕುಳಿನ ಕೆಳಗೆ ನೋಡಿದಳು. ಹಳೆಯ ಬಟ್ಟೆಗಳ ಮಾರಾಟದಲ್ಲಿ ಕೊಂಡು, ತೇಪೆ ಹಾಕಿ, ಮಗಳಿಗೆ ಕೊಟ್ಟದ್ದು ಆಕೆಯೇ. ತನ್ನ ಹೊಲಿಗೆ ತನಗೆ ತಿಳಿಯದೆ? ಇನ್ನೊಂದು, ಮಕ್ಕಳ ಚಡ್ಡಿಯಂಥ ಉಡುಪು. ಡಾಕ್ಟರ ಮಕ್ಕಳು ರಜೆಯಲ್ಲಿ ಬೇರೆ ಊರಿಗೆ ಹೋಗಿದ್ದಾಗ ಇಳಿದುಕೊಂಡಿದ್ದ ಮನೆಯಾಕೆ ಅದನ್ನು ಮಕ್ಕಳಿಗೆಂದು ಕೊಟ್ಟಿದ್ದಳು. ಎಲಾಸ್ಟಿಕ್ಕು ಸಡಿಲವಾಗಿದ್ದಕ್ಕೆ ತಾನೇ ಹಾಕಿದ ಗಂಟನ್ನು ನೋಡಿ ಹೌದೆಂದಳು.

ಪುಸ್ತಕಗಳಲ್ಲಿ ಈ ಮೊಕದ್ದಮೆ ಹೆಸರಾಗಿರುವುದು ವಿಜ್ಞಾನಿಗಳಿಂದ. ಅದು ನ್ಯಾಯವೇ. ಗ್ಲಾಸ್ಗೊದ ಪ್ರೊಫೆಸರ್ ಗ್ಲೇಸ್ಟರ್, ಎಡಿನ್‌ಬರೋದ ಪ್ರೊಫೆಸರ್ ಬ್ರಾಶ್ ಸೇರಿ ಎರಡು ದೇಹಗಳನ್ನು ತಾಳ್ಮೆಯಿಂದ ಜೋಡಿಸಿದರು. ಇಸಬೆಲ್ಲಾ ತಲೆಗೆ ಕಿರೀಟದಂಥ ಒಡವೆ ತೊಟ್ಟು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಒಂದು ಫೋಟೋ ಇತ್ತು. ಆ ಒಡವೆಯನ್ನೇ ತರಿಸಿ ಅಳತೆ ಮಾಡಿ, ಫೋಟೋವನ್ನು ನಿಜ ಗಾತ್ರಕ್ಕೆ ಹಿಗ್ಗಿಸಿ, ತಲೆಬುರುಡೆಯ ಚಿತ್ರದ ಮೇಲೆ ಕೂರಿಸಿದರು. ಹಣೆಗೆ ಹಣೆ, ಗಲ್ಲಕ್ಕೆ ಗಲ್ಲ ಸರಿಹೋಯಿತು. ಡಾಕ್ಟರ್ ಮೆರ್ನ್ಸ್ ಎಂಬವರು ದೇಹದ ಮೇಲಿದ್ದ ಹುಳುಗಳ ವಯಸ್ಸು ಎಣಿಸಿ ಸತ್ತು ಎಷ್ಟು ದಿನವಾಯಿತೆಂದು ಹೇಳಿದರು. ಮೇರಿಯ ಬೆರಳಚ್ಚು ಡಾಕ್ಟರ ಮನೆಯ ಪಾತ್ರೆಪಗಡಗಳ ಮೇಲಿನ ಅಚ್ಚಿಗೆ ಕೂಡಿತು. 1936ರ ಮೇ 12ರಂದು ಮ್ಯಾಂಚೆಸ್ಟರ್ ಜೈಲಿನಲ್ಲಿ ರಕ್ಸ್‌ಟನ್‌ನನ್ನು ಗಲ್ಲಿಗೇರಿಸಿದರು.

ನನ್ನ ಗಮನ ನಿಲ್ಲುವುದು ಮಾತ್ರ ಇನ್ನೊಂದು ಸಂಗತಿಯ ಮೇಲೆ. ಕೊಲೆಯಾದ ಕೆಲವು ದಿನಕ್ಕೆ ಈ ಡಾಕ್ಟರು ಮೇರಿಯ ತಂದೆತಾಯಿಗೆ ಒಂದು ಕತೆ ಹೇಳಿದ. ನಿಮ್ಮ ಮಗಳು ಬಸುರಿ, ನನ್ನ ಹೆಂಡತಿ ಅವಳನ್ನು ಗುಟ್ಟಾಗಿ ಎಲ್ಲಿಗೋ ಕರೆದುಕೊಂಡು ಹೋಗಿದ್ದಾಳೆ, ಸುಮ್ಮನಿರಿ, ಮರ್ಯಾದೆ ಉಳಿಯುತ್ತದೆ ಎಂದು. ಎಂಥ ಲೆಕ್ಕಾಚಾರ ನೋಡಿ. ಬಡವರ ಮನೆ, ಮದುವೆಯಾಗದ ಹುಡುಗಿ, ಹೇಳುತ್ತಿರುವವನು ಊರಿನ ಡಾಕ್ಟರು. ಬಾಯಿ ಮುಚ್ಚಿಸಲು ಇದಕ್ಕಿಂತ ಬೇರೆ ಬೀಗ ಬೇಕಿಲ್ಲ. ಆದರೆ ಆ ಮನೆಯವರು ಮುಚ್ಚಲಿಲ್ಲ. ನಮ್ಮ ಹುಡುಗಿ ಹಾಗಿದ್ದರೂ ನಮಗೆ ಬೇಕು ಎಂದು ಪೊಲೀಸರ ಬಳಿಗೆ ಹೋದರು. ಮೇರಿ ಕಾಣೆಯಾದ ಸುದ್ದಿ ಪತ್ರಿಕೆಯಲ್ಲಿ ಬಂತು. ಸ್ಕಾಟ್ಲೆಂಡಿನ ಪೊಲೀಸ್ ಅಧಿಕಾರಿ ಅದನ್ನು ಓದಿದ. ಹಳ್ಳದ ಗಂಟಿಗೂ ಮೋರ್‌ಕಾಂಬ್‌ನ ಮನೆಗೂ ದಾರಿ ಬಿದ್ದದ್ದು ಹೀಗೆ.

ಗುರುತು ಹಿಡಿಯುವುದೆಂದರೆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು. ಒಂದು ಸಿಕ್ಕವಳ ಚಹರೆ, ಇನ್ನೊಂದು ಕಾಣೆಯಾದವಳ ಚಹರೆ. ಮೊದಲನೆಯದನ್ನು ಸರ್ಕಾರ ಬರೆಯುತ್ತದೆ, ಎರಡನೆಯದನ್ನು ಮನೆಯವರು ಬರೆಸಬೇಕು. ಎರಡನೆಯದೇ ಇಲ್ಲದಿದ್ದರೆ ಎಂಥ ಪ್ರೊಫೆಸರು ಬಂದರೂ ಕೈಚೆಲ್ಲುತ್ತಾನೆ.

ಬೆಂಗಳೂರಿನ ರಿಚ್‌ಮಂಡ್ ರಸ್ತೆಯ ಪ್ರಕರಣ ನಿಮಗೆ ನೆನಪಿರಬಹುದು. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರಾ 1991ರಲ್ಲಿ ಕಾಣೆಯಾದರು. ಎರಡನೆಯ ಗಂಡ ವಿದೇಶಕ್ಕೆ ಹೋಗಿದ್ದಾಳೆ, ಅಲ್ಲಿದ್ದಾಳೆ, ಇಲ್ಲಿದ್ದಾಳೆ ಎಂದು ಹೇಳುತ್ತಲೇ ಬಂದ. ಮಗಳು ನಂಬಲಿಲ್ಲ, ದೂರು ಕೊಟ್ಟಳು, ಬೆನ್ನು ಬಿಡಲಿಲ್ಲ. 1994ರಲ್ಲಿ ಆ ಮನೆಯ ಅಂಗಳ ಅಗೆದಾಗ ಅಸ್ಥಿಪಂಜರ ಸಿಕ್ಕಿತು. ಫೋಟೋವನ್ನು ಬುರುಡೆಗೆ ಹೊಂದಿಸುವ ಅದೇ ಹಳೆಯ ವಿಧಾನ, ಜೊತೆಗೆ ಹೊಸದಾಗಿ ಬಂದಿದ್ದ ಡಿಎನ್‌ಎ ಪರೀಕ್ಷೆ, ಎರಡೂ ಸೇರಿ ಅವರೇ ಎಂದು ಸ್ಥಾಪಿಸಿದವು. 2008ರಲ್ಲಿ ಸುಪ್ರೀಂ ಕೋರ್ಟು ಕೊಲೆಗಾರನಿಗೆ ಬದುಕಿರುವವರೆಗೂ ಜೈಲು ಎಂದಿತು. ಮಗಳು ಹಟ ಹಿಡಿಯದಿದ್ದರೆ ಆ ಅಂಗಳದಲ್ಲಿ ಇಷ್ಟು ಹೊತ್ತಿಗೆ ಮಹಡಿ ಎದ್ದಿರುತ್ತಿತ್ತು.

ಎರಡನೆಯ ಕಾಗದ ಇಲ್ಲದೆಯೂ ಹೆಸರು ಸಿಗುವ ಕಾಲ ಈಗ ಬಂದಿದೆ, ನಿಜ. 1981ರ ಏಪ್ರಿಲ್‌ನಲ್ಲಿ ಅಮೆರಿಕದ ಓಹಿಯೊ ರಾಜ್ಯದಲ್ಲಿ ರಸ್ತೆಬದಿಯ ಚರಂಡಿಯಲ್ಲಿ ಒಬ್ಬ ಹುಡುಗಿಯ ಶವ ಸಿಕ್ಕಿತು. ಎರಡು ಜಡೆ, ಬರಿಗಾಲು, ಜಿಂಕೆ ಚರ್ಮದ ಮೇಲಂಗಿ. ಹೆಸರಿಲ್ಲದ್ದರಿಂದ ಪೊಲೀಸರು ಆ ಅಂಗಿಯ ಹೆಸರಿನಿಂದಲೇ ಅವಳನ್ನು ಕರೆದರು. 37 ವರ್ಷ ಹಾಗೆಯೇ ಕರೆದರು. ಶವಪರೀಕ್ಷೆಯ ಕಾಲದಲ್ಲಿ ತೆಗೆದಿಟ್ಟ ಒಂದಿಷ್ಟು ರಕ್ತ ಉಳಿದಿತ್ತು. 2018ರಲ್ಲಿ ಅದರ ಡಿಎನ್‌ಎಯನ್ನು, ವಂಶವೃಕ್ಷ ಹುಡುಕುವ ಹವ್ಯಾಸಿಗಳು ತಾವಾಗಿ ಕೊಟ್ಟಿದ್ದ ಮಾಹಿತಿಯ ಜೊತೆ ಹೋಲಿಸಿದರು. ಈ ಕೆಲಸ ಮಾಡಿದ ಸಂಸ್ಥೆಯನ್ನು ಅದರ ಹಿಂದಿನ ವರ್ಷ ಸ್ಥಾಪಿಸಿದವರು ಇಬ್ಬರು ಹೆಂಗಸರು, ಕಾಲೀನ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ಮಾರ್ಗರೆಟ್ ಪ್ರೆಸ್. ಹತ್ತಿರದ ಸಂಬಂಧದ ಒಂದು ಎಳೆ ಸಿಕ್ಕಿತು. ಹುಡುಗಿ ಅರ್ಕನ್ಸಾ ರಾಜ್ಯದ ಮಾರ್ಸಿಯಾ ಕಿಂಗ್, ಸಾಯುವಾಗ 21 ವರ್ಷ. ಕಾಣೆಯಾಗಿದ್ದಾಳೆಂದು ಅವಳ ಹೆಸರಿನಲ್ಲಿ ಅಧಿಕೃತ ದೂರೇ ದಾಖಲಾಗಿರಲಿಲ್ಲ. ಆದರೆ ಮಗಳು ಎಂದಾದರೂ ಫೋನು ಮಾಡಿಯಾಳೆಂದು ತಾಯಿ ಅಷ್ಟು ವರ್ಷವೂ ಮನೆ ಬದಲಿಸಿರಲಿಲ್ಲ, ಫೋನ್ ನಂಬರೂ ಬದಲಿಸಿರಲಿಲ್ಲ.

ಯುರೋಪಿನಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಗಡಿ ದಾಟುವುದು ನಮ್ಮಲ್ಲಿ ತಾಲ್ಲೂಕು ದಾಟಿದಂತೆ. ಒಂದು ದೇಶದಲ್ಲಿ ಹುಟ್ಟಿದವಳು ಇನ್ನೊಂದರಲ್ಲಿ ಸತ್ತರೆ ಯಾರ ಪಟ್ಟಿಯಲ್ಲೂ ಇರುವುದಿಲ್ಲ. 2023ರ ಮೇ ತಿಂಗಳಲ್ಲಿ ಇಂಟರ್‌ಪೋಲ್ ಸಂಸ್ಥೆ ಬೆಲ್ಜಿಯಂ, ನೆದರ್‌ಲೆಂಡ್ಸ್, ಜರ್ಮನಿ ದೇಶಗಳಲ್ಲಿ ಸಿಕ್ಕ 22 ಅಪರಿಚಿತ ಹೆಂಗಸರ ವಿವರಗಳನ್ನು ಮೊದಲ ಬಾರಿಗೆ ಸಾರ್ವಜನಿಕರ ಮುಂದಿಟ್ಟಿತು. ಅದುವರೆಗೆ ಇಂಥ ವಿವರ ಪೊಲೀಸರ ನಡುವೆ ಮಾತ್ರ ಓಡಾಡುತ್ತಿತ್ತು. ಅವರಲ್ಲೊಬ್ಬಳು 1992ರ ಜೂನ್‌ನಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ನದಿಯ ಕಂಬಿಗಳಿಗೆ ಸಿಕ್ಕಿಕೊಂಡಿದ್ದವಳು. ತೋಳಿನ ಮೇಲೆ ಒಂದು ಹಚ್ಚೆ: ಕಪ್ಪು ಹೂವು, ಹಸಿರು ಎಲೆ, ಕೆಳಗೆ ಕೆಲವು ಅಕ್ಷರ. ಬ್ರಿಟನ್ನಿನಲ್ಲಿ ಒಂದು ಕುಟುಂಬದವರು ಆ ಹಚ್ಚೆಯನ್ನು ಸುದ್ದಿಯಲ್ಲಿ ನೋಡಿ ಗುರುತಿಸಿದರು. ರೀಟಾ ರಾಬರ್ಟ್ಸ್, ಕಾರ್ಡಿಫ್ ಊರಿನವಳು, 31 ವರ್ಷ. ಮನೆಗೆ ಅವಳ ಕೊನೆಯ ಪೋಸ್ಟ್ ಕಾರ್ಡು ಬಂದದ್ದು 1992ರ ಮೇ ತಿಂಗಳಲ್ಲಿ. 31 ವರ್ಷದ ಬದುಕು, 31 ವರ್ಷದ ಅನಾಮಿಕತೆ. 2024ರಲ್ಲಿ ಆ ಪಟ್ಟಿಗೆ ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳೂ ಸೇರಿಕೊಂಡವು.

ನಮ್ಮ ಅಜ್ಜಿಯರ ಕೈಯಲ್ಲೂ ಹಚ್ಚೆ ಇರುತ್ತಿತ್ತು. ತವರಿನ ಹೆಸರೋ ರಂಗೋಲಿಯ ಎಳೆಯೋ. ಸತ್ತಮೇಲೆ ಜೊತೆಗೆ ಬರುವುದು ಅದೊಂದೇ ಎನ್ನುತ್ತಿದ್ದರು. ನಾವು ಅದನ್ನು ಹಳ್ಳಿಗಾಡಿನದೆಂದು ಬಿಟ್ಟೆವು.

ಇಷ್ಟೆಲ್ಲ ದೂರದ ಕತೆ ಹೇಳಿದ ಮೇಲೆ ಹತ್ತಿರದ್ದನ್ನು ಹೇಳದಿದ್ದರೆ ಆಗದು. 2003ರಿಂದ 2009ರವರೆಗೆ ನಮ್ಮ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಒಬ್ಬೊಬ್ಬರಾಗಿ ಹೆಂಗಸರು ಸತ್ತು ಸಿಕ್ಕರು. ಮೈಸೂರಿನ ನಿಲ್ದಾಣದಲ್ಲಿ ಎಂಟು, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಐದು, ಉಳಿದವರು ಬೇರೆ ಬೇರೆ ಊರುಗಳಲ್ಲಿ. ಒಳಗಿನಿಂದ ಚಿಲಕ ಹಾಕಿದ ಬಾಗಿಲು. ಒಳ್ಳೆಯ ಸೀರೆ ಉಟ್ಟವರು, ಮೈಮೇಲೆ ಒಡವೆಯಿಲ್ಲ. ಠಾಣೆಯಲ್ಲಿ ಅಸ್ವಾಭಾವಿಕ ಮರಣವೆಂದು ಬರೆದುಕೊಂಡರು, ಪಂಚನಾಮೆ ಮಾಡಿದರು, ಫೋಟೋ ತೆಗೆದರು. ವಿಷ ಕುಡಿದಿರಬೇಕು, ಆತ್ಮಹತ್ಯೆ ಇರಬೇಕು. ಕಾದು ನೋಡಿದರು, ಯಾರೂ ಬರಲಿಲ್ಲ, ಅಂತ್ಯಸಂಸ್ಕಾರ ಮುಗಿಸಿದರು. ಪಟ್ಟೆಸೀರೆ ಉಟ್ಟು ಸಿಂಗರಿಸಿಕೊಂಡು ಹೊರಟವಳ ಕಿವಿ ಏಕೆ ಬರಿದು, ಕೈ ಏಕೆ ಬೋಳು ಎಂದು ಮೊದಲ ದಿನವೇ ಕೇಳಬೇಕಿತ್ತು. ಅಲ್ಲಿ ಒಬ್ಬ ಅಡುಗೆಯ ಹೆಂಗಸನ್ನು ಕರೆದು ತೋರಿಸಿದ್ದರೂ ಕೇಳುತ್ತಿದ್ದಳು.

ಅವರೆಲ್ಲ ದಕ್ಷಿಣ ಕನ್ನಡ, ಕೊಡಗು, ಕಾಸರಗೋಡು ಕಡೆಯವರು. ಅಂಗನವಾಡಿಯಲ್ಲೋ ಹಾಸ್ಟೆಲಿನ ಅಡುಗೆಮನೆಯಲ್ಲೋ ಬೀಡಿ ಕಟ್ಟಿಯೋ ದುಡಿಯುತ್ತಿದ್ದವರು. ವರದಕ್ಷಿಣೆಗೆ ಗತಿಯಿಲ್ಲದೆ ಮದುವೆ ಮುಂದೆ ಹೋಗುತ್ತಿದ್ದವರು. ಅವರಿಗೆ ಒಬ್ಬ ಸಿಕ್ಕಿದ್ದ: ಏನೂ ಬೇಡ, ನಿನ್ನನ್ನೇ ಮದುವೆಯಾಗುತ್ತೇನೆ ಎನ್ನುವವನು. ಬೇರೆ ಊರಿಗೆ ಕರೆದೊಯ್ದು ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಒಂದು ಮಾತ್ರೆ ಕೊಡುತ್ತಿದ್ದ. ಗರ್ಭ ನಿಲ್ಲದಿರಲು, ಶೌಚಾಲಯಕ್ಕೆ ಹೋಗಿ ತೆಗೆದುಕೋ ಎಂದು. ಅದು ಸಯನೈಡು. ಅಕ್ಕಸಾಲಿಗನೆಂದು ಹೇಳಿಕೊಂಡು ಕೊಂಡದ್ದು. ಒಡವೆ ಲಾಡ್ಜಿನಲ್ಲಿ ಉಳಿದಿರುತ್ತಿತ್ತು. ಇವನು ಹಿಂದಿರುಗಿ ತೆಗೆದುಕೊಂಡು ಹೋಗುತ್ತಿದ್ದ. ಹೆಸರು ಮೋಹನ್ ಕುಮಾರ್. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಇದನ್ನು ಬರೆಯುವಾಗ ಪೆನ್ನು ತಡೆಯುತ್ತದೆ. ನಮ್ಮ ವೃತ್ತಿಗೆ ಊರು ಕೊಡುವ ನಂಬಿಕೆಯನ್ನೇ ಅವನು ಬಂಡವಾಳ ಮಾಡಿಕೊಂಡ.

ಇಪ್ಪತ್ತು ಜನ. ಇಪ್ಪತ್ತನೆಯವರೆಗೂ ಒಂದಕ್ಕೊಂದು ತಾಳೆಯಾಗಲಿಲ್ಲವೇಕೆ? ಠಾಣೆ ಬೇರೆ, ಜಿಲ್ಲೆ ಬೇರೆ ಎಂಬ ಕಾರಣವಿದೆ. ಆದರೆ ದೊಡ್ಡ ಕಾರಣ, ಎಷ್ಟೋ ಮನೆಗಳು ಎರಡನೆಯ ಕಾಗದವನ್ನು ಬರೆಸಲೇ ಇಲ್ಲ. ಹುಡುಗಿ ಯಾರ ಜೊತೆಗೋ ಹೋದಳು ಎಂದುಕೊಂಡರು. ಠಾಣೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ತಂಗಿಯ ಮದುವೆ ನಿಲ್ಲುತ್ತದೆ. ರಕ್ಸ್‌ಟನ್ ಮೋರ್‌ಕಾಂಬ್‌ಗೆ ಹೋಗಿ ತಾನೇ ಹೇಳಬೇಕಾಗಿದ್ದ ಕತೆಯನ್ನು ಇಲ್ಲಿ ಯಾರೂ ಬಂದು ಹೇಳಬೇಕಾಗಲಿಲ್ಲ. ಮನೆಯವರೇ ತಮಗೆ ತಾವೇ ಹೇಳಿಕೊಂಡರು.

ಆ ಮನೆಗಳನ್ನು ದೂರುವುದು ಸುಲಭ. ನಾನು ಮಾಡಲಾರೆ. ಬಹಳ ವರ್ಷದ ಹಿಂದೆ ನಮ್ಮ ಊರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳದೆ ಮನೆ ಬಿಟ್ಟಳು. “ನಮ್ಮ ಪಾಲಿಗೆ ಅವಳು ಸತ್ತಳು ಟೀಚರ್, ಎಳ್ಳುನೀರು ಬಿಟ್ಟಾಯಿತು” ಎಂದರು ತಂದೆ. ತಾಯಿಗೆ ಓದು ಬಾರದು. ಗಂಡ ಅಂಗಡಿಗೆ ಹೋದ ಮೇಲೆ, ಪೊಟ್ಟಣ ಕಟ್ಟಿಬಂದ ಹಳೆಯ ಪೇಪರುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. “ಟೀಚರಮ್ಮ, ಹೆಣ ಸಿಕ್ಕಿದ ಸುದ್ದಿ ಇದ್ದರೆ ಓದಿ ಹೇಳಿ. ಎಡ ಮೊಣಕೈ ಹತ್ತಿರ ಸುಟ್ಟ ಗಾಯ ಅಂತ ಇದೆಯಾ?” ಇಲ್ಲ ಎಂದರೆ, ಪೇಪರನ್ನು ಮಡಿಸಿಕೊಂಡು, “ಹಾಗಾದರೆ ಇದ್ದಾಳೆ” ಎಂದು ಹೋಗುತ್ತಿದ್ದರು. ಮೂರು ವರ್ಷದ ಮೇಲೆ ಆ ಹುಡುಗಿ ಕೂಸನ್ನು ಎತ್ತಿಕೊಂಡು ಬಂದಳು ಎನ್ನಿ. ಅಷ್ಟು ದಿನವೂ ಅವಳ ಚಹರೆ ಪಟ್ಟಿ ಇದ್ದದ್ದು ಆ ತಾಯಿಯ ಬಾಯಲ್ಲಿ ಮಾತ್ರ. ಯಾವ ಠಾಣೆಯಲ್ಲೂ ಇರಲಿಲ್ಲ.

ಕರಾವಳಿಯ ಆ ಹೆಂಗಸರ ಸರಪಳಿ ಬಿಚ್ಚಿಕೊಂಡದ್ದೂ ಒಬ್ಬಳ ಕಡೆಯವರು ಕೇಳಿದ್ದರಿಂದಲೇ. 2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಳು. ಬೇರೆ ಧರ್ಮದವನ ಜೊತೆ ಓಡಿಹೋದಳೆಂದು ಗುಲ್ಲೆದ್ದು, ಜನ ಠಾಣೆಯ ಮುಂದೆ ಸೇರಿದರು. ಕೇಳಿದ ಕಾರಣ ಸುಳ್ಳು, ಆದರೆ ಕೇಳಿದರು. ಪೊಲೀಸರು ಅವಳ ಫೋನಿನ ಕರೆಗಳ ಜಾಡು ಹಿಡಿದರೆ ಅದು ಕಾಣೆಯಾದ ಇನ್ನೊಬ್ಬಳ ಫೋನಿಗೆ ಹೋಯಿತು, ಅಲ್ಲಿಂದ ಮತ್ತೊಬ್ಬಳದಕ್ಕೆ. ಕೊಂದವನು ಸತ್ತವರ ಫೋನುಗಳನ್ನೇ ಬಳಸುತ್ತಿದ್ದ. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದ. ಆಮೇಲೆ ಬೇರೆ ಬೇರೆ ಠಾಣೆಗಳ ಕಪಾಟುಗಳಿಂದ ಅಪರಿಚಿತ ಶವಗಳ ಹಳೆಯ ಫೋಟೋಗಳು, ಸೀರೆಗಳು ಹೊರಬಂದವು. ತಾಯಂದಿರು, ಅಣ್ಣತಮ್ಮಂದಿರು, ಅಕ್ಕತಂಗಿಯರು ಬಂದು ನೋಡಿದರು. ಎಲ್ಲೋ ಸಂಸಾರ ಮಾಡಿಕೊಂಡಿದ್ದಾಳೆ ಎಂದು ಸಿಟ್ಟಿನಲ್ಲೇ ಇದ್ದವರು, ಅವಳು ಮನೆ ಬಿಟ್ಟ ಮರುದಿನವೇ ಸತ್ತಿದ್ದಳೆಂದು ಅಂದು ತಿಳಿದರು.

ಮಾತ್ರೆಯನ್ನು ತೆಗೆದುಕೊಂಡೂ ಬದುಕುಳಿದ ಒಬ್ಬಳು ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದಳು. ತನ್ನ ವಕಾಲತ್ತನ್ನು ತಾನೇ ನಡೆಸಿದ ಅವನ ಎದುರಿಗೆ ನಿಂತು ಅವಳು ಅದನ್ನೆಲ್ಲ ಹೇಳಿದ್ದು ಸಣ್ಣ ಮಾತಲ್ಲ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೂರು ಕೊಲೆಗಳಿಗೆ ಮರಣದಂಡನೆ ವಿಧಿಸಿತು. 2017ರಲ್ಲಿ ಹೈಕೋರ್ಟು ಅವುಗಳಲ್ಲೊಂದನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. ಉಳಿದ ಮೊಕದ್ದಮೆಗಳು ಒಂದಾದ ಮೇಲೊಂದು ನಡೆಯುತ್ತ ಹೋದವು.

ಆ ಹೆಂಗಸರ ಹೆಸರುಗಳು ನನಗೆ ಗೊತ್ತು. ಆಗ ಪತ್ರಿಕೆಗಳಲ್ಲಿ ಬಂದಿದ್ದವು, ಕತ್ತರಿಸಿ ಇಟ್ಟುಕೊಂಡಿದ್ದೇನೆ. ಇಲ್ಲಿ ಬರೆದಿಲ್ಲ. ಮೇರಿಯ ಹೆಸರನ್ನೂ ರೀಟಾಳ ಹೆಸರನ್ನೂ ಸಲೀಸಾಗಿ ಬರೆದವಳಿಗೆ ಇವರದನ್ನು ಬರೆಯಲು ಏನು ಅಡ್ಡಿ ಎಂದು ನೀವು ಕೇಳಬಹುದು. ಅವರ ತಂಗಿಯರು, ತಂಗಿಯರ ಹೆಣ್ಣುಮಕ್ಕಳು ಅದೇ ಊರುಗಳಲ್ಲಿದ್ದಾರೆ. ಸಂಬಂಧ ನೋಡಲು ಬಂದವರು ಇಂದಿಗೂ ಕೇಳುತ್ತಾರೆ. ಹೆಸರು ಸಿಕ್ಕಮೇಲೂ ಮರೆಮಾಚಬೇಕಾಗಿರುವುದು ನಮ್ಮ ಕಡೆಯ ಸ್ಥಿತಿ. ಇದು ನನಗೆ ಒಪ್ಪಿಗೆಯಲ್ಲ, ಆದರೂ ಅವರ ಮನೆಯವರನ್ನು ಕೇಳದೆ ನಾನು ಬರೆಯುವಂತಿಲ್ಲ.

ಕೊನೆಯ ಮೊಕದ್ದಮೆಯ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಕಾಸರಗೋಡಿನ ಕಡೆಯ ಹುಡುಗಿ, 25 ವರ್ಷ, 2009ರಲ್ಲಿ ಬೆಂಗಳೂರಿನಲ್ಲಿ ಸತ್ತವಳು. ತೀರ್ಪಿನಲ್ಲಿ ಅವಳ ಹೆಸರಿದೆ. ಅವಳ ಶವವನ್ನು ಎತ್ತಿದ ದಿನದ ಕಾಗದದಲ್ಲಿ ‘ಅಪರಿಚಿತ ಹೆಂಗಸು’ ಎಂದಷ್ಟೇ ಇತ್ತು.